51ನೇ ನಡೆ: ಉಡುಪಿಯ ಒಂದು ಡ್ರಾ ಆಟದ ಪ್ರಕರಣ ಅಧ್ಯಯನ

ಮನೆಯಲ್ಲಿ ಚೆಸ್ ಬೋರ್ಡ್ ಇದ್ದರೆ ಹೀಗೆ ಜೋಡಿಸಿಕೊಳ್ಳಿ. ಅಕ್ಷರ ಉದ್ದಸಾಲು (ಬಿಳಿಯ ಎಡದಿಂದ ಎ, ಬಿ, ಸಿ...), ಅಂಕಿ ಅಡ್ಡಸಾಲು (ಬಿಳಿಯ ಕಡೆಯಿಂದ 1, 2, 3...). ಬಿಳಿಯ ರಾಜ ಡಿ4, ಆನೆ ಎ6, ಪಾನ್ (ಕಾಲಾಳು) ಇ2. ಕಪ್ಪಿನ ರಾಜ ಡಿ7, ಆನೆ ಇ8. ಒಟ್ಟು ಐದೇ ಕಾಯಿ. ಕಪ್ಪು ಈಗಷ್ಟೇ ಆನೆಯನ್ನು ಇ8ಕ್ಕೆ ತಂದು ಇ2ರ ಪಾನ್ ಹೊಡೆಯಲು ನಿಂತಿದೆ. ಬಿಳಿಯ ಸರದಿ. ಇದು 51ನೇ ನಡೆ.

ಬಿಳಿ ಕಾಯಿ ಆಡುತ್ತಿದ್ದವಳು ಉಡುಪಿಯ ಹುಡುಗಿ, 13 ವರ್ಷ. ಎದುರಿಗೆ ಮಂಗಳೂರಿನ ಹುಡುಗ, 12 ವರ್ಷ. ಹೆಸರು ಇಲ್ಲಿ ಬೇಡ. ಸ್ಕೋರ್‌ಶೀಟ್ (ನಡೆ ಬರೆದಿಡುವ ಹಾಳೆ) ಬಳಸಲು ಎರಡೂ ಮನೆಯವರು ಒಪ್ಪಿದ್ದಾರೆ, ಅಷ್ಟು ಸಾಕು. ಮುಂದಿನ ಎಂಟು ನಡೆಯಲ್ಲಿ ಆಟ ಸ್ಟೇಲ್‌ಮೇಟ್ ಆಗಿ ಮುಗಿಯಿತು, ಅಂದರೆ ರಾಜನಿಗೆ ಚೆಕ್ ಇಲ್ಲ, ಆದರೆ ಸರದಿ ಇರುವವರಿಗೆ ಆಡಲು ನಡೆಯೂ ಇಲ್ಲ. ಇಬ್ಬರಿಗೂ ಅರ್ಧರ್ಧ ಅಂಕ.

ಅವತ್ತು ರಾತ್ರಿ ಹುಡುಗಿಯ ಅಮ್ಮ ಆಟವನ್ನು ಮೊಬೈಲಿನ ಚೆಸ್ ಆ್ಯಪ್‌ಗೆ ಹಾಕಿ ನೋಡಿ ನನಗೆ ಫೋನ್ ಮಾಡಿದರು. ಯಾರು ಮೇಲಿದ್ದಾರೆ ಎಂದು ತೋರಿಸುವ ಅಂಕಿ 51ರಿಂದ ಕೊನೆಯವರೆಗೂ ಸೊನ್ನೆಯಲ್ಲೇ, ಅಂದರೆ ಸಮಸಮ ಎಂದೇ ನಿಂತಿತ್ತು. ತಪ್ಪು ಎಂದು ಒಂದೂ ಕೆಂಪು ಗುರುತಿಲ್ಲ. "ಸರ್, ಇವಳು ಎಂಥದೂ ತಪ್ಪು ಮಾಡ್ಲಿಲ್ಲ ಅಂತ ತೋರಿಸ್ತದೆ. ಹಾಗಾದ್ರೆ ಗೆಲ್ಲಲಿಕ್ಕೆ ಇರ್ಲೇ ಇಲ್ವಾ?" ಅಂದರು.

ಯಂತ್ರ ಹೇಳಿದ್ದು ಸುಳ್ಳಲ್ಲ. ಏಳು ಕಾಯಿಯವರೆಗಿನ ಎಂಡ್‌ಗೇಮ್‌ಗಳನ್ನು (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಕಂಪ್ಯೂಟರ್‌ಗಳು ಪೂರ್ತಿ ಲೆಕ್ಕ ಹಾಕಿ ಇಟ್ಟುಬಿಟ್ಟಿವೆ. ಐದು ಕಾಯಿ ಅವಕ್ಕೆ ಯಾವ ಮಹಾ ಲೆಕ್ಕ. ಎರಡೂ ಕಡೆಯವರು ಸರಿಯಾಗಿ ಆಡಿದರೆ ಈ ಸ್ಥಿತಿ ಡ್ರಾ. ಆದರೂ ಈ ಹುಡುಗಿ ಗೆಲ್ಲಬಹುದಾಗಿದ್ದ ಆಟವನ್ನು ಬಿಟ್ಟುಕೊಟ್ಟಳು ಎಂದೇ ನಾನು ಹೇಳುತ್ತೇನೆ. ಬಿಟ್ಟದ್ದು ಒಂದು ಸಲ ಅಲ್ಲ, ಸಾಲಾಗಿ ಎರಡು ನಡೆಯಲ್ಲಿ.

ಆಟದ ಹಿನ್ನೆಲೆ

ಉಡುಪಿಯ ಒಂದು ಶಾಲೆಯ ಸಭಾಂಗಣದಲ್ಲಿ ನಡೆದ ಎರಡು ದಿನದ ರೇಟೆಡ್ ಟೂರ್ನಿ ಅದು. ಮಳೆಗಾಲ. ಸಿಮೆಂಟ್ ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಮಕ್ಕಳ ಟೂರ್ನಿಗೆ ಅದು ಒಳ್ಳೆಯದೇ. ನಾನು ಅಲ್ಲಿ ಸಹಾಯಕ ಆರ್ಬಿಟರ್ (ತೀರ್ಪುಗಾರ) ಆಗಿದ್ದೆ. ಆರು ಸುತ್ತು, ಇದು ಕೊನೆಯದು. ಇಬ್ಬರಿಗೂ ತಲಾ ನಾಲ್ಕು ಅಂಕ. ಗೆದ್ದವರು ಐದಕ್ಕೆ ಏರಿ ಬಹುಮಾನದ ಪಟ್ಟಿಗೆ ಬರುತ್ತಿದ್ದರು.

ಒಬ್ಬೊಬ್ಬರಿಗೆ 60 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಇನ್‌ಕ್ರಿಮೆಂಟ್. 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆಯ ನಡೆಯವರೆಗೂ ಬರೆಯಲೇಬೇಕು, ಸಮಯ ಐದು ನಿಮಿಷಕ್ಕಿಂತ ಕೆಳಗೆ ಇಳಿದರೂ ಬಿಡುವ ಹಾಗಿಲ್ಲ. ಅದರಿಂದಲೇ ಈ ಆಟ ಪೂರ್ತಿ ನಮ್ಮ ಕೈಲಿ ಉಂಟು. ಹುಡುಗಿಗೆ ಇನ್ನೊಂದು ಒಳ್ಳೆ ಅಭ್ಯಾಸ: ನಡೆಯ ಪಕ್ಕದಲ್ಲಿ ಉಳಿದ ಸಮಯವನ್ನೂ ಗೀಚುತ್ತಾಳೆ. ಎಲ್ಲ ಮಕ್ಕಳೂ ಹೀಗೆ ಮಾಡಿದರೆ ಕಲಿಸುವವರ ಅರ್ಧ ಕೆಲಸ ಕಡಿಮೆ.

ಹುಡುಗಿಯ ರೇಟಿಂಗ್ 1611, ಹುಡುಗನದ್ದು 1462. 149ರ ಅಂತರ. ವಿಶ್ವ ಚೆಸ್ ಸಂಸ್ಥೆ ಫಿಡೆಯ ಕೋಷ್ಟಕದ ಪ್ರಕಾರ ಅವಳಿಂದ 0.70 ಅಂಕದ ನಿರೀಕ್ಷೆ. 18 ದಾಟದ, 2300ರ ಒಳಗಿನ ಆಟಗಾರರಿಗೆ ರೇಟಿಂಗ್ ಏರಿಳಿತ ಲೆಕ್ಕ ಹಾಕುವ ಗುಣಕ 40. ಗೆದ್ದಿದ್ದರೆ ಅವಳಿಗೆ 12 ಪಾಯಿಂಟ್ ಏರುತ್ತಿತ್ತು, ಸೋತಿದ್ದರೆ 28 ಇಳಿಯುತ್ತಿತ್ತು. ಡ್ರಾ ಆದದ್ದರಿಂದ 8 ಹೋಯಿತು. ಹುಡುಗನಿಗೆ ಅದೇ 8 ಬಂತು.

50 ನಡೆ ಅಲುಗದ ಪಾನ್

ಓಪನಿಂಗ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹುಡುಗಿ ಕ್ಯಾಟಲನ್ ಆಡಿದಳು. ಡಿ4, ಸಿ4, ಜಿ3, ಬಿಷಪ್ ಜಿ2. ಈ ಪದ್ಧತಿಯಲ್ಲಿ ಬಿಷಪ್ ಜಿ2ರ ಕಡೆಯಿಂದ ಹೊರಗೆ ಬರುವುದರಿಂದ ಇ2ರ ಪಾನ್‌ಗೆ ದಾರಿ ಬಿಡುವ ತುರ್ತು ಇಲ್ಲ. ಮಧ್ಯದ ಆಟದಲ್ಲಿ ಹುಡುಗ ಒಂದು ಪಾನ್ ಕಳೆದುಕೊಂಡ, ಯೋಚನೆಗೆ ಸಮಯವನ್ನೂ ಸುರಿದ. ಆಮೇಲೆ ಎರಡೂ ಬದಿಯ ಪಾನ್‌ಗಳು ಒಂದೊಂದಾಗಿ ಕಡಿದುಹೋದವು. ಉಳಿದದ್ದು ಇ2ರ ಪಾನ್ ಮಾತ್ರ. 50 ನಡೆ ಆದರೂ ಹುಟ್ಟಿದ ಮನೆ ಬಿಟ್ಟು ಅಲುಗಿರಲಿಲ್ಲ.

ಈಗ 51ನೇ ನಡೆಗೆ ಬರೋಣ. ಪಾನ್ ಅಪಾಯದಲ್ಲಿದೆ, ಏನಾದರೂ ಮಾಡಲೇಬೇಕು. ಸಹಜವಾದ ದಾರಿ ಮೂರು. ರಾಜನನ್ನು ಡಿ3ಕ್ಕೆ ತಂದು ಕಾಯುವುದು. ಪಾನನ್ನು ಒಂದು ಮನೆ ತಳ್ಳಿ ಇ3ಕ್ಕೆ ಇಡುವುದು. ಇಲ್ಲವೇ ಎರಡು ಮನೆ ತಳ್ಳಿ ಇ4ಕ್ಕೆ. ಮೂರರಲ್ಲೂ ರಾಜ ಪಾನನ್ನು ಕಾಯುತ್ತಾನೆ.

ಹುಡುಗಿ ಇ4 ಆಡಿದಳು. ಸ್ಕೋರ್‌ಶೀಟ್‌ನಲ್ಲಿ ಅದಕ್ಕೆ ಮೊದಲು 11 ನಿಮಿಷ 40 ಸೆಕೆಂಡ್, ಅದಾದ ಮೇಲೆ 11 ನಿಮಿಷ 52 ಸೆಕೆಂಡ್ ಎಂದಿದೆ. ಅಂದರೆ ಯೋಚನೆಗೆ ತೆಗೆದುಕೊಂಡದ್ದು 18 ಸೆಕೆಂಡ್. ಇನ್‌ಕ್ರಿಮೆಂಟ್ ಸೇರಿ ಸಮಯ ಏರಿತೇ ಹೊರತು ಇಳಿಯಲಿಲ್ಲ. ಹುಡುಗನ ಗಡಿಯಾರದಲ್ಲಿ ಆಗ ಎರಡು ನಿಮಿಷದ ಆಸುಪಾಸು.

ಇ4ಕ್ಕೂ ಇ3ಕ್ಕೂ ಏನು ವ್ಯತ್ಯಾಸ? ಒಂದೇ ಮನೆ ಅಲ್ವಾ? ಆ ಒಂದು ಮನೆಯಲ್ಲೇ ಎಲ್ಲ ಉಂಟು. ಕಪ್ಪು ಆನೆ ಇ6ಕ್ಕೆ ಬಂದು "ಬದಲಿಸ್ತೀಯಾ?" ಎಂದು ಕೇಳಿದಾಗ ಅದು ಗೊತ್ತಾಗುತ್ತದೆ.

ಪಾನ್ ಇ3ರಲ್ಲಿದೆ ಎಂದಿಟ್ಟುಕೊಳ್ಳಿ. ಬಿಳಿ ಆನೆ ಇ6ರ ಆನೆಯನ್ನು ಹೊಡೆಯುತ್ತದೆ, ಕಪ್ಪು ರಾಜ ತಿರುಗಿ ಹೊಡೆದು ಇ6ರಲ್ಲಿ ನಿಲ್ಲುತ್ತಾನೆ. ಈಗ ಬಿಳಿ ರಾಜ ಡಿ4ರಿಂದ ಇ4ಕ್ಕೆ ಹೆಜ್ಜೆ ಇಡುತ್ತಾನೆ. ಇಬ್ಬರು ರಾಜರು ನಡುವೆ ಒಂದು ಮನೆ ಬಿಟ್ಟು ಎದುರುಬದುರು. ಸರದಿ ಕಪ್ಪಿನದ್ದು. ಇದಕ್ಕೇ ಆಪೊಸಿಶನ್ ಎನ್ನುವುದು. ಯಾರ ಸರದಿಯೋ ಅವರು ಪಕ್ಕಕ್ಕೆ ಸರಿಯಬೇಕು. ಕಪ್ಪು ರಾಜ ಡಿ6ಕ್ಕೆ ಸರಿದರೆ ಬಿಳಿ ರಾಜ ಎಫ್5ಕ್ಕೆ ನುಗ್ಗುತ್ತಾನೆ. ಅವನು ಇ7ಕ್ಕೆ ಬಂದರೆ ಇವನು ಇ5ಕ್ಕೆ, ಮತ್ತೆ ಎದುರುಬದುರು, ಮತ್ತೆ ಕಪ್ಪಿನ ಸರದಿ. ಅವನು ಡಿ7, ಇವನು ಎಫ್6. ರಾಜ ಆರನೇ ಅಡ್ಡಸಾಲಿಗೆ ಮುಟ್ಟಿದ, ಪಾನ್ ಇನ್ನೂ ಹಿಂದೆ ಮೂರರಲ್ಲೇ ಉಂಟು. ಇನ್ನು ಕಪ್ಪಿಗೆ ಉಳಿಗಾಲ ಇಲ್ಲ. ಡಿ6ಕ್ಕೆ ಬಂದರೆ ಪಾನ್ ಇ4, ರಾಜ ಡಿ7, ಪಾನ್ ಇ5, ರಾಜ ಇ8, ಬಿಳಿ ರಾಜ ಇ6. ಪಾನ್ ಮಂತ್ರಿಯಾಗುವುದನ್ನು ತಡೆಯಲು ಆಗುವುದಿಲ್ಲ.

ರಾಜನನ್ನು ಡಿ3ಕ್ಕೆ ತಂದಿದ್ದರೂ ಇದೇ ಫಲ. ಆನೆಗಳು ಹೋದ ಮೇಲೆ ಡಿ3ರಿಂದ ಇ4ಕ್ಕೆ ಹೆಜ್ಜೆ. ಪಾನ್ ಇನ್ನೂ ಇ2ರಲ್ಲೇ, ಒಂದು ನಡೆ ಮಿಗತೆಯಲ್ಲಿ. ಆಪೊಸಿಶನ್ ಎಲ್ಲಾದರೂ ತಪ್ಪಿದರೆ ಪಾನನ್ನು ಇ3ಕ್ಕೆ ಇಟ್ಟು ಸರದಿಯನ್ನು ಎದುರಾಳಿಗೆ ದಾಟಿಸಬಹುದು. ಸಿಟಿ ಬಸ್ಸಿಗೆ ಹತ್ತುವಾಗ ಜೇಬಿನಲ್ಲಿ ಚಿಲ್ಲರೆ ಇದ್ದ ಹಾಗೆ. ಬೇಕಾಗದೆಯೂ ಹೋಗಬಹುದು, ಬೇಕಾದಾಗ ಇಲ್ಲದಿದ್ದರೆ ಫಜೀತಿ.

ಪಾನ್ ಇ4ರಲ್ಲಿದ್ದರೆ? ಆನೆಗಳು ಹೋದ ಮೇಲೆ ಬಿಳಿ ರಾಜ ನಿಲ್ಲಬೇಕಾದ ಇ4ರಲ್ಲಿ ಅವಳದ್ದೇ ಪಾನ್ ಕೂತಿದೆ. ರಾಜ ಪಾನಿನ ಪಕ್ಕದಲ್ಲಿ, ಮುಂದೆ ಅಲ್ಲ. ಪಾನಿನ ಮುಂದೆ ರಾಜ ಇಲ್ಲದಿದ್ದರೆ ಈ ಎಂಡ್‌ಗೇಮ್ ಗೆಲ್ಲುವುದಿಲ್ಲ.

ಹುಡುಗಿಗೆ ಇದು ಗೊತ್ತಿರಲಿಲ್ಲವಾ ಎಂದರೆ, ಗೊತ್ತಿತ್ತು. ಆಟ ಮುಗಿದ ಮೇಲೆ ಕೇಳಿದಾಗ ಆಪೊಸಿಶನ್ ಎಂದರೇನು ಎಂದು ತಡವರಿಸದೆ ಹೇಳಿದಳು. ಆದರೆ ಅವಳ ಮನಸ್ಸಿನಲ್ಲಿ ಆಗ ಇದ್ದದ್ದು ಆನೆ ಎಂಡ್‌ಗೇಮ್. ಒಂದು ಎಂಡ್‌ಗೇಮ್ ಇನ್ನೊಂದಾಗಿ ಬದಲಾಗುವ ಬಾಗಿಲು ಪಕ್ಕದಲ್ಲೇ ತೆರೆದಿದೆ ಎಂದು ಅವಳು ನೋಡಲಿಲ್ಲ. ಪಾಠಗಳನ್ನು ಬೇರೆ ಬೇರೆ ವಾರ ಬೇರೆ ಬೇರೆ ಹಾಳೆಯಲ್ಲಿ ಕಲಿಸುತ್ತೇವೆ. ಮಕ್ಕಳ ತಲೆಯಲ್ಲೂ ಅವು ಬೇರೆ ಬೇರೆಯಾಗಿಯೇ ಉಳಿಯುತ್ತವೆ.

52ನೇ ನಡೆ: ಬದಲಿಸಬೇಕಿತ್ತಾ?

ಹುಡುಗ ತಕ್ಷಣ ಆನೆಯನ್ನು ಇ6ಕ್ಕೆ ಇಟ್ಟ. ಹುಡುಗಿ ಹೊಡೆದಳು. ಇದಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ಆಮೇಲೆ ಕೇಳಿದೆ. "ಕಾಯಿ ಜಾಸ್ತಿ ಇದ್ರೆ ಬದಲಿಸ್ಬೇಕಲ್ವಾ ಸರ್?" ಅಂದಳು.

ಆ ಮಾತು ಚೆಸ್ ಕಲಿಸುವ ಎಲ್ಲ ಕಡೆ ಉಂಟು. ಅದರ ಪೂರ್ತಿ ರೂಪ: ಮೇಲಿದ್ದಾಗ ಕಾಯಿ ಬದಲಿಸು, ಪಾನ್ ಬದಲಿಸಬೇಡ. ತಪ್ಪು ಮಾತಲ್ಲ. ಆದರೆ ಬೋರ್ಡಿನ ಕೊನೆಯ ಆನೆ ಹೋಗುವಾಗ ಈ ಮಾತನ್ನು ನಂಬಿ ಕೈ ಚಾಚುವ ಹಾಗಿಲ್ಲ. ಆನೆ ಹೋದ ಮೇಲೆ ಉಳಿಯುವ ರಾಜ ಮತ್ತು ಪಾನಿನ ಆಟವನ್ನು ಬೆರಳು ಮಡಚಿ ಕೊನೆಯವರೆಗೆ ಎಣಿಸಬಹುದು. ಎಣಿಸಲು ಆಗುವುದನ್ನು ಎಣಿಸದೆ ಬದಲಿಸುವುದು ಯಾಕೆ? ಅವಳ ಬಳಿ 11 ನಿಮಿಷ ಇತ್ತು. ಎಣಿಕೆಗೆ ಎರಡು ನಿಮಿಷ ಸಾಕಿತ್ತು.

ಬದಲಿಸದೆ ಏನು ಆಡಬಹುದಿತ್ತು? ಆನೆಯನ್ನು ಎ7ಕ್ಕೆ ಇಟ್ಟು ಚೆಕ್. ನನಗೆ ಈ ಆಟದಲ್ಲಿ ಇಷ್ಟವಾದ ನಡೆ ಇದು, ಯಾರೂ ಆಡದಿದ್ದರೂ. ಹುಡುಗ ಎದುರಿಸಬೇಕಾಗಿದ್ದದ್ದನ್ನು ನೋಡಿ. ಆನೆಯನ್ನು ಇ7ಕ್ಕೆ ಅಡ್ಡ ಇಟ್ಟರೆ ಸೋತ: ಬದಲಾದ ಮೇಲೆ ಬಿಳಿ ರಾಜ ಇ5ಕ್ಕೆ ಬಂದು ಆಪೊಸಿಶನ್ ಹಿಡಿಯುತ್ತಾನೆ, ಪಾನ್ ಹಿಂದೆ ಇ4ರಲ್ಲಿ. ರಾಜನನ್ನು ಡಿ6ಕ್ಕೆ ಇಟ್ಟರೆ ಪಾನ್ ಇ5ಕ್ಕೆ ಬಂದು ಚೆಕ್. ಆ ಪಾನನ್ನು ಆನೆಯಿಂದ ತಿಂದರೆ ಬಿಳಿ ಆನೆ ಎ6ಕ್ಕೆ ಬಂದು ಮತ್ತೆ ಚೆಕ್, ರಾಜ ಸರಿಯಬೇಕು, ಕಾವಲಿಲ್ಲದ ಆನೆ ಬಿಳಿ ರಾಜನ ಪಾಲು. ತಿನ್ನದೆ ಸಿ6ಕ್ಕೆ ಹೋಗಿ, ಮುಂದಿನ ಚೆಕ್‌ಗೆ ಡಿ7ಕ್ಕೆ ಮರಳಿದರೆ ಮಾತ್ರ ಬಚಾವ್.

ರಾಜನನ್ನು ಡಿ8ಕ್ಕೆ ಇಟ್ಟರೆ ಬಿಳಿ ರಾಜ ಡಿ5ಕ್ಕೆ ಬಂದು ಆನೆಯನ್ನು ಓಡಿಸುತ್ತಾನೆ. ಆಗ ಕಪ್ಪು ಆನೆ ಆರನೇ ಅಡ್ಡಸಾಲನ್ನು ಬಿಡಬಾರದು. ಎಚ್6 ಅಥವಾ ಬಿ6ರಲ್ಲಿ ಕೂತು ಬಿಳಿ ರಾಜ ಮುಂದೆ ಬರದ ಹಾಗೆ ಗಡಿ ಕಾಯಬೇಕು. ಪಾನ್ ಆರನೇ ಸಾಲಿಗೆ ಕಾಲಿಟ್ಟ ಮೇಲೆ ಕೆಳಗಿಳಿದು ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. 18ನೇ ಶತಮಾನದ ಫ್ರೆಂಚ್ ಸಂಗೀತಗಾರ ಫಿಲಿಡೋರ್ ತೋರಿಸಿಕೊಟ್ಟ ರಕ್ಷಣೆ ಇದು, ಇವತ್ತಿಗೂ ಅವರ ಹೆಸರಿನಲ್ಲೇ ಉಂಟು. ಗೊತ್ತಿದ್ದವರಿಗೆ ಸುಲಭ. ಎರಡು ನಿಮಿಷ ಇಟ್ಟುಕೊಂಡ 12 ವರ್ಷದವನಿಗೆ ಗೊತ್ತಿತ್ತಾ? ಆಮೇಲೆ ಕೇಳಿದೆ, ಹೆಸರು ಕೇಳಿದ್ದನಂತೆ, ಆಡಿ ನೋಡಿರಲಿಲ್ಲವಂತೆ.

ಯಂತ್ರದ ಲೆಕ್ಕದಲ್ಲಿ ಆನೆ ಹೊಡೆಯುವುದೂ ಸೊನ್ನೆ, ಎ7ರ ಚೆಕ್ ಕೂಡ ಸೊನ್ನೆ. ಅದು ಎರಡರ ನಡುವೆ ಭೇದ ಮಾಡುವುದಿಲ್ಲ. ಒಂದು ಸೊನ್ನೆಯಲ್ಲಿ ಎದುರಾಳಿ ಎರಡು ಮೂರು ಹೊಂಡ ದಾಟಬೇಕು, ಇನ್ನೊಂದರಲ್ಲಿ ಬಾಯಿಪಾಠ ಮಾಡಿದ ಒಂದೇ ನಿಯಮ ಸಾಕು. ಹುಡುಗಿ ಆರಿಸಿದ್ದು ಎರಡನೆಯದನ್ನು.

ಇದು ಮಕ್ಕಳ ಮಟ್ಟದ ವಿಷಯ ಮಾತ್ರ ಅಲ್ಲ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಒಂದು ಪಾನ್ ಕಡಿಮೆ ಇದ್ದರೂ ಹಿಡಿದು ನಿಂತಿದ್ದರು. 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ಇಟ್ಟು ಬದಲಿಗೆ ಕರೆದರು. ಗುಕೇಶ್ ಆನೆ ಬದಲಿಸಿದರು, ಮುಂದಿನ ನಡೆಯಲ್ಲಿ ಬಿಷಪ್‌ಗಳ ಬದಲಿಗೂ ದಾರಿ ಮಾಡಿದರು. ಉಳಿದದ್ದು ರಾಜ ಮತ್ತು ಪಾನ್. ಡಿಂಗ್‌ಗೆ ಅದು ಸೋತ ಆಟ. 18 ವರ್ಷದ ಗುಕೇಶ್ 7.5–6.5ರಲ್ಲಿ ವಿಶ್ವ ಚಾಂಪಿಯನ್ ಆದರು. ಅಲ್ಲಿ ಡ್ರಾ ಹಿಡಿಯಬೇಕಾದವರು ಕೊನೆಯ ಆನೆ ಕೊಟ್ಟು ಸೋತರು. ಇಲ್ಲಿ ಗೆಲ್ಲಬೇಕಾದವಳು ಕೊನೆಯ ಆನೆ ಕೊಟ್ಟು ಡ್ರಾ ಮಾಡಿಕೊಂಡಳು.

ಹುಡುಗನ ಕೆಲಸ

ಹುಡುಗನನ್ನು ಹೊಗಳದಿದ್ದರೆ ಅನ್ಯಾಯ. ಆನೆ ಹೊಡೆದು ರಾಜ ಇ6ಕ್ಕೆ ಬಂದ ಕೂಡಲೇ ಗಡಿಯಾರ ಒತ್ತಿ "ಡ್ರಾ?" ಎಂದ. ನಿಯಮದ ಪ್ರಕಾರ ನಡೆ ಆಡಿ, ಡ್ರಾ ಕೇಳಿ, ಆಮೇಲೆ ಗಡಿಯಾರ ಒತ್ತಬೇಕು. ಕ್ರಮ ತಪ್ಪಿದರೂ ಕೇಳಿದ್ದು ಕೇಳಿದ ಹಾಗೆಯೇ. ಹುಡುಗಿ ಬಾಯಿಬಿಡಲಿಲ್ಲ, ಪಾನನ್ನು ಇ5ಕ್ಕೆ ತಳ್ಳಿದಳು. ಕಾಯಿ ಮುಟ್ಟಿದರೆ ಬೇಡ ಎಂದೇ ಅರ್ಥ. ಅದು ಅವಳ ಹಕ್ಕು. ಎದುರಾಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸದೆ ಅರ್ಧ ಅಂಕ ಯಾಕೆ ಕೊಡಬೇಕು?

ರಾಜ ಡಿ7. ಬಿಳಿ ರಾಜ ಡಿ5. ರಾಜ ಇ7. ಪಾನ್ ಇ6. ಕಪ್ಪು ರಾಜನಿಗೆ ಈಗ ಹಿಂದೆ ಸರಿಯಲು ಡಿ8, ಇ8, ಎಫ್8 ಮೂರು ಮನೆ. ಇ8 ಆದರೆ ಡ್ರಾ. ಡಿ8 ಅಥವಾ ಎಫ್8 ಆದರೆ ಬಿಳಿ ರಾಜ ಡಿ6ಕ್ಕೆ ಬರುತ್ತಾನೆ, ಕಪ್ಪು ಇ8ಕ್ಕೆ ಓಡಿ ಬರಬೇಕು, ಪಾನ್ ಚೆಕ್ ಇಲ್ಲದೆ ಇ7ಕ್ಕೆ ಇಳಿಯುತ್ತದೆ, ಕಪ್ಪು ಎಫ್7ಕ್ಕೆ, ಬಿಳಿ ಡಿ7ಕ್ಕೆ, ಮುಗಿಯಿತು. ಇ8ರಲ್ಲಿ ಮೊದಲೇ ನಿಂತಿದ್ದರೆ ಬಿಳಿ ಡಿ6ಕ್ಕೆ ಬಂದಾಗ ಕಪ್ಪು ಡಿ8ಕ್ಕೆ ಹೋಗಿ ಎದುರು ನಿಲ್ಲುತ್ತಾನೆ. ಪಾನ್ ಇ7ಕ್ಕೆ ಹೋದರೆ ಚೆಕ್, ರಾಜ ಮತ್ತೆ ಇ8ಕ್ಕೆ. ಈಗ ಬಿಳಿ ರಾಜ ಇ6ಕ್ಕೆ ಬಂದರೆ ಸ್ಟೇಲ್‌ಮೇಟ್, ಬಾರದಿದ್ದರೆ ಪಾನ್ ಹೋಯಿತು.

ಹುಡುಗ ಕೈ ತಡೆಯದೆ ಇ8ಕ್ಕೆ ಇಟ್ಟ. ಇಟ್ಟು ಮತ್ತೊಮ್ಮೆ ಡ್ರಾ ಕೇಳಿದ. ಒಮ್ಮೆ ಬೇಡ ಎಂದ ಮೇಲೆ ಪದೇ ಪದೇ ಕೇಳುವುದು ಎದುರಾಳಿಗೆ ಕಿರಿಕಿರಿ, ನಿಯಮವೂ ಒಪ್ಪುವುದಿಲ್ಲ. ಹತ್ತಿರ ಹೋಗಿ "ಇನ್ನು ಕೇಳ್ಬೇಡ, ಆಡು" ಎಂದೆ. ಆ ಎಂಟು ನಡೆಯಲ್ಲಿ ನಾನು ಆಡಿದ ಮಾತು ಅಷ್ಟೇ. ಆರ್ಬಿಟರ್ ಬೋರ್ಡಿನ ಮೇಲೆ ನಡೆಯುವುದನ್ನೆಲ್ಲ ನೋಡಬೇಕು, ಮುಖದಲ್ಲಿ ಮಾತ್ರ ಏನೂ ಕಾಣಿಸಬಾರದು. ಇ4 ಬಿದ್ದಾಗ ನನ್ನ ಮುಖ ಹೇಗಿತ್ತೋ, ಯಾರೂ ನೋಡಿರಲಿಲ್ಲ ಅಂದುಕೊಂಡಿದ್ದೇನೆ.

58ನೇ ನಡೆ, ರಾಜ ಇ6, ಸ್ಟೇಲ್‌ಮೇಟ್. ಕೈ ಕುಲುಕಿದರು.

ಆಮೇಲೆ

ಬಹುಮಾನ ವಿತರಣೆಗೆ ಕಾಯುವಾಗ ವರಾಂಡದಲ್ಲಿ ಇಬ್ಬರನ್ನೂ ಕೂರಿಸಿ ಬೋರ್ಡ್ ಜೋಡಿಸಿದೆ. ಮಂಗಳೂರಿನಿಂದ ಮಕ್ಕಳನ್ನು ಕರೆತಂದಿದ್ದ ಕೋಚ್ ಒಬ್ಬರೂ ಬಂದು ನಿಂತರು, ನನ್ನ ಹಳೆ ಸ್ನೇಹಿತರು. ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದೆ: ಇವಳು ಇ4 ಬದಲು ಇ3 ಆಡಿದ್ದರೆ ನೀನು ಏನು ಆಡುತ್ತಿದ್ದೆ?

"ಆನೆ ಇ6," ಎಂದ, ಯೋಚಿಸದೆ. "ಎಂಥ ಆಡಿದ್ರೂ ಅದೇ ಇಡ್ತಿದ್ದೆ ಸರ್. ಆನೆ ಹೋದ್ರೆ ಡ್ರಾ ಅಂತ ಇತ್ತು ನಂಗೆ."

ಈ ಪ್ರಕರಣಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಯಂತ್ರದ ಪ್ರಕಾರ ಇ3 ಆಡಿದ್ದರೂ ಡ್ರಾವೇ. ಆದರೆ ಎದುರಿಗೆ ಕೂತಿದ್ದ ಈ ಹುಡುಗನ ಕೈಯಲ್ಲಿ ಸೋಲುವ ನಡೆ ತಯಾರಾಗಿತ್ತು. ಹುಡುಗಿ ಅವನನ್ನು ಒಂದು ಸಲ ನೋಡಿದಳು, ಬೋರ್ಡನ್ನು ಒಂದು ಸಲ ನೋಡಿದಳು. "ಅಯ್ಯೋ, ಇ3 ಸಾಕಿತ್ತಾ!" ಅಂದಳು.

ಸ್ನೇಹಿತರ ಜೊತೆ ಚಿಕ್ಕ ಚರ್ಚೆಯೂ ಆಯಿತು. "ಬದಲಿಸು ಅನ್ನುವ ಮಾತಿಗೆ ಷರತ್ತು ಸೇರಿಸ್ಬೇಕು," ಎಂದೆ. ಅವರು ಒಪ್ಪಲಿಲ್ಲ. "ಮಕ್ಕಳಿಗೆ ಒಂದು ಸಾಲು ಕೊಟ್ರೆ ನೆನಪಿರ್ತದೆ ಮಾರಾಯ. ಷರತ್ತು ಸೇರಿಸಿದ್ರೆ ಸಾಲೂ ಮರೀತಾರೆ, ಷರತ್ತೂ ಮರೀತಾರೆ," ಅಂದರು. ಅವರ ಮಾತಿನಲ್ಲಿ ಹುರುಳಿದೆ. ಎಂಟು ವರ್ಷದವರಿಗೆ ಒಂದು ಸಾಲೇ ಸಾಕು. ಆದರೆ 1600 ದಾಟಿದವರಿಗೆ ಅದೇ ಸಾಲನ್ನು ಹಾಗೆಯೇ ಬಿಟ್ಟರೆ ಅದು ಯೋಚನೆಯ ಜಾಗದಲ್ಲಿ ಕೂತುಬಿಡುತ್ತದೆ. ಇಲ್ಲಿ ಆದದ್ದು ಅದೇ. ನಾವಿಬ್ಬರೂ ಒಪ್ಪಿದ್ದು ಒಂದು ವಿಷಯಕ್ಕೆ ಮಾತ್ರ: ಇ4ಕ್ಕೆ ಕಾರಣ ಆ ಸಾಲಲ್ಲ. ಅದು ಪಾಸ್ಡ್ ಪಾನ್ (ಎದುರಾಳಿಯ ಪಾನ್‌ಗಳ ತಡೆ ಇಲ್ಲದ ಪಾನ್) ಕಂಡ ಕೂಡಲೇ ಮುಂದೆ ತಳ್ಳುವ ಚಟ. ಅದಕ್ಕೆ ಮದ್ದು ಬೇರೆ.

ಇ3ರ ಸ್ಥಿತಿಯನ್ನು ಇಟ್ಟು, ಗಡಿಯಾರದಲ್ಲಿ ತಲಾ ಎರಡು ನಿಮಿಷ, 30 ಸೆಕೆಂಡ್ ಇನ್‌ಕ್ರಿಮೆಂಟ್ ಹಾಕಿ ಇಬ್ಬರನ್ನೂ ಆಡಿಸಿದೆವು. ಹುಡುಗ ಹಟಕ್ಕೆ ಆನೆಯನ್ನು ಇ6ಕ್ಕೇ ಇಟ್ಟು ಸೋತ. ಆಮೇಲೆ ಬಣ್ಣ ಬದಲು. ಕಪ್ಪು ಹಿಡಿದ ಹುಡುಗಿ ಆನೆ ಬದಲಿಗೆ ಬರಲೇ ಇಲ್ಲ. ರಾಜನನ್ನು ಪಾನಿನ ದಾರಿಗೆ ಅಡ್ಡ ಇಟ್ಟು, ಹುಡುಗ ಬೇಸತ್ತು ಪಾನ್ ಕಳೆದುಕೊಳ್ಳುವವರೆಗೂ ಹಿಡಿದು ಕೂತಳು. ಅಷ್ಟರಲ್ಲಿ ಒಳಗೆ ಮೈಕಿನಲ್ಲಿ ಹೆಸರು ಕರೆಯಲು ಶುರುವಾಗಿತ್ತು.

ಅಮ್ಮನಿಗೆ ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗಲಿಲ್ಲ. ಆ್ಯಪ್‌ನಲ್ಲಿ 51ನೇ ನಡೆಗೆ ಹೋಗಿ ಪಾನನ್ನು ಇ3ಕ್ಕೆ ಇಡಿ, ಆಮೇಲೆ ಕಪ್ಪು ಆನೆಯನ್ನು ಇ6ಕ್ಕೆ ಸರಿಸಿ ನೋಡಿ ಎಂದೆ. ಸ್ವಲ್ಪ ಹೊತ್ತಿಗೆ ಪರದೆಯ ಫೋಟೊ ಬಂತು. ಸೊನ್ನೆ ಹೋಗಿ ಬಿಳಿಯ ಕಡೆ ದೊಡ್ಡ ಅಂಕಿ ನಿಂತಿತ್ತು. ಕೆಳಗೆ ಅಮ್ಮನ ಪ್ರಶ್ನೆ: "ಇದನ್ನು ಇವಳಿಗೆ ಈಗ ತೋರಿಸ್ಲಾ, ನಾಳೆ ಶಾಲೆ ಮುಗಿದ ಮೇಲಾ?" ನಾಳೆ ಎಂದು ಬರೆದೆ.